ಇಟಲಿಯ ಜರ್ಮನ್ ಭಾಷಿಕರಿಗೆ ಹಕ್ಕು ದಕ್ಕಿದ್ದು ದೆ ಗಾಸ್ಪೆರಿಯಿಂದಲೋ, ಮೋರೊ ಅವರಿಂದಲೋ?

ಕುಂಬಳೆ ಅಧ್ಯಾಪಕ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ಎಂ.ಎ. ಇತಿಹಾಸ ವಿದ್ಯಾರ್ಥಿಗಳಿಗೆ ನಲವತ್ತು ನಿಮಿಷದ ಒಂದು ಉಪನ್ಯಾಸ ಸಿದ್ಧಪಡಿಸಬೇಕಾಗಿದೆ. ವಿಷಯ ಇಟಲಿಯ ರಾಜಕೀಯ ನಾಯಕರು. ಮ್ಯಾಜಿನಿ, ಗ್ಯಾರಿಬಾಲ್ಡಿ, ಕೆವೂರ್ ಬಗ್ಗೆ ಪಠ್ಯದಲ್ಲೇ ಬೇಕಾದಷ್ಟುಂಟು. ಅದನ್ನೇ ಮತ್ತೆ ಹೇಳುವ ಬದಲು ಒಂದೇ ಎಳೆ ಹಿಡಿಯುವ ಯೋಚನೆ: ಇಟಲಿಯ ಉತ್ತರ ಗಡಿಯ ದಕ್ಷಿಣ ಟಿರೋಲ್, ಅಂದರೆ ಬೊಲ್ಜಾನೊ ಪ್ರಾಂತದ ಜರ್ಮನ್ ಭಾಷಿಕರನ್ನು ಒಬ್ಬೊಬ್ಬ ನಾಯಕರೂ ಹೇಗೆ ನಡೆಸಿಕೊಂಡರು ಎಂಬುದು. ಗಡಿ ಆಚೀಚೆ ಸರಿದಾಗ ಭಾಷೆಗೆ ಏನಾಗುತ್ತದೆ ಎಂದು ನಮ್ಮ ಮಕ್ಕಳಿಗೆ ವಿವರಿಸಿ ಹೇಳಬೇಕಾಗಿಲ್ಲ.

ತಿಳಿದವರಿಂದ ಇಷ್ಟು ಬೇಕು. ಮುಸ್ಸೊಲಿನಿ ಕಾಲದಲ್ಲಿ ಯಾವ ಕ್ರಮ ಯಾವ ವರ್ಷ ಬಂತು? 1946ರಲ್ಲಿ ಪ್ರಧಾನಿ ದೆ ಗಾಸ್ಪೆರಿ ಆಸ್ಟ್ರಿಯಾದ ಜತೆ ಒಪ್ಪಂದಕ್ಕೆ ಸಹಿ ಹಾಕಿದ ಮೇಲೂ 1961ರಲ್ಲಿ ಬಾಂಬು ಸಿಡಿಯುವ ತನಕ ಹೋದದ್ದು ಯಾಕೆ? 1972ರ ಸ್ವಾಯತ್ತತೆಯ ವ್ಯವಸ್ಥೆ ಶಾಲೆ, ನೌಕರಿ, ಹಣ ಈ ಮೂರರಲ್ಲಿ ಹೇಗೆ ನಡೆಯುತ್ತದೆ? ಕೊನೆಗೆ, ಕಾಸರಗೋಡಿನ ಜತೆ ಹೋಲಿಸಿದರೆ ಎಲ್ಲಿ ಸರಿಹೋಗುತ್ತದೆ, ಎಲ್ಲಿ ತಪ್ಪುತ್ತದೆ?

ಪೈವಳಿಕೆ ಓದು:

ಮಾಸ್ತರರೇ, ಆರಂಭದಲ್ಲೇ ಒಂದು ತಪ್ಪನ್ನು ಕಳೆದುಬಿಡಿ. ದಕ್ಷಿಣ ಟಿರೋಲನ್ನು ಇಟಲಿಗೆ ಸೇರಿಸಿದವನು ಮುಸ್ಸೊಲಿನಿ ಎಂದು ವಿದ್ಯಾರ್ಥಿಗಳು ಬರೆಯುವುದುಂಟು. ಸೇರಿಸಿದ್ದು ಅವನಿಗಿಂತ ಮುಂಚಿನ ಉದಾರವಾದಿ ಸರ್ಕಾರಗಳು. ಸಲಾಂದ್ರ ಪ್ರಧಾನಿ, ಸೊನ್ನಿನೊ ವಿದೇಶಾಂಗ ಮಂತ್ರಿ ಆಗಿದ್ದಾಗ 1915ರ ಏಪ್ರಿಲ್ 26ರಂದು ಲಂಡನ್ನಿನಲ್ಲಿ ಗುಪ್ತ ಒಪ್ಪಂದ ಆಯಿತು: ಇಟಲಿ ಮಿತ್ರಕೂಟದ ಪರ ಯುದ್ಧಕ್ಕೆ ಇಳಿದರೆ ಬ್ರೆನ್ನರ್ ಘಾಟಿಯ ತನಕದ ನೆಲ ಅದಕ್ಕೆ. ಒಂದು ತಿಂಗಳೊಳಗೆ ಇಟಲಿ ಯುದ್ಧ ಸಾರಿತು. 1919ರ ಸೆಪ್ಟೆಂಬರ್ 10ರ ಸೇಂಟ್ ಜರ್ಮೇನ್ ಒಪ್ಪಂದ ಆ ನೆಲವನ್ನು ಕೊಟ್ಟಿತು, 1920ರ ಅಕ್ಟೋಬರಿನಲ್ಲಿ ಜೊಲಿತ್ತಿ ಸರ್ಕಾರದ ಕೆಳಗೆ ವಿಲೀನ ಅಧಿಕೃತವಾಯಿತು. ದಕ್ಷಿಣಕ್ಕಿರುವ ತ್ರೆಂತೊ ಇಟಾಲಿಯನ್ ಮಾತಾಡುವ ನಾಡು, ಅದರ ವಿಷಯದಲ್ಲಿ ಭಾಷೆಯ ವಾದ ನಿಲ್ಲುತ್ತದೆ. ಬೊಲ್ಜಾನೊ ಹಾಗಲ್ಲ. 1910ರ ಆಸ್ಟ್ರಿಯಾ ಜನಗಣತಿಯಂತೆ ಅಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಜರ್ಮನ್ ಭಾಷಿಕರು. ಅಲ್ಲಿ ಗೆದ್ದದ್ದು ಸೈನ್ಯದ ಲೆಕ್ಕ, ಆಲ್ಪ್ಸ್ ಪರ್ವತದ ನೆತ್ತಿಯೇ ಗಡಿಯಾಗಬೇಕೆಂಬ ಹಟ.

ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ, ಇದಕ್ಕೆ ಎರಡು ನಿಮಿಷ ಕೊಡಿ. ಏಕೀಕರಣದ ಹೊತ್ತಿಗೆ ದಿನಬಳಕೆಯಲ್ಲಿ ಇಟಾಲಿಯನ್ ಆಡುತ್ತಿದ್ದವರು ಶೇ. 2.5ರಷ್ಟು ಎಂಬುದು ಭಾಷಾವಿಜ್ಞಾನಿ ತುಲ್ಲಿಯೊ ದೆ ಮಾವ್ರೊ ಅವರ ಅಂದಾಜು. ಉಳಿದವರೆಲ್ಲ ತಂತಮ್ಮ ಪ್ರದೇಶದ ನುಡಿಯವರು. 1861ರಲ್ಲಿ ಗೃಹಮಂತ್ರಿ ಮಿಂಗೆತ್ತಿ ಪ್ರದೇಶಗಳಿಗೆ ಅಧಿಕಾರ ಹಂಚುವ ಯೋಜನೆ ಮುಂದಿಟ್ಟರು. ಕೆವೂರ್ ಆ ಜೂನ್‌ನಲ್ಲೇ ತೀರಿಕೊಂಡರು, ಮುಂದೆ ಬಂದ ರಿಕಾಸೊಲಿ ಅದನ್ನು ಬದಿಗಿಟ್ಟು ಪೀಡ್‌ಮಾಂಟ್ ಮಾದರಿಯ ಪ್ರಿಫೆಕ್ಟ್ ಆಡಳಿತವನ್ನೇ ದೇಶಕ್ಕೆಲ್ಲ ಹಬ್ಬಿಸಿದರು. ರಾಜಧಾನಿ ನೇಮಿಸಿದ ಒಬ್ಬ ಅಧಿಕಾರಿ ಇಡೀ ಜಿಲ್ಲೆಯನ್ನು ಆಳುವ ಆ ಯಂತ್ರ ಸಿದ್ಧವಾಗಿಯೇ ಇತ್ತು. ಮುಸ್ಸೊಲಿನಿಗೆ ಹೊಸದಾಗಿ ಕಟ್ಟಬೇಕಾಗಿ ಬರಲಿಲ್ಲ.

ಇನ್ನು ವರ್ಷವಾರು. 1921ರ ಏಪ್ರಿಲ್ 24ರಂದು ಬೊಲ್ಜಾನೊದ ಜಾತ್ರೆ ಮೆರವಣಿಗೆಯ ಮೇಲೆ ಫ್ಯಾಸಿಸ್ಟರು ದಾಳಿ ಮಾಡಿ ಫ್ರಾಂಟ್ಸ್ ಇನ್ನರ್‌ಹೋಫರ್ ಎಂಬ ಶಾಲಾ ಮಾಸ್ತರರನ್ನು ಕೊಂದರು. ಅದೇ ವಾರಗಳಲ್ಲಿ ಜೊಲಿತ್ತಿ ಚುನಾವಣೆಗಾಗಿ ಫ್ಯಾಸಿಸ್ಟರನ್ನು ತಮ್ಮ ರಾಷ್ಟ್ರೀಯ ಕೂಟದ ಪಟ್ಟಿಗೆ ಸೇರಿಸಿಕೊಂಡಿದ್ದರು. ಮೇ ತಿಂಗಳಲ್ಲಿ 35 ಮಂದಿ ಫ್ಯಾಸಿಸ್ಟರು ಸಂಸತ್ತಿಗೆ ಬಂದರು. ಪಳಗಿಸಬಹುದು ಎಂಬ ಜೊಲಿತ್ತಿಯ ಲೆಕ್ಕಾಚಾರಕ್ಕೆ ಮೊದಲ ಬೆಲೆ ತೆತ್ತವರಲ್ಲಿ ಈ ಗಡಿಜನ ಸೇರಿದ್ದಾರೆ ಎಂದೇ ನನ್ನ ಅಭಿಪ್ರಾಯ. 1922ರ ಅಕ್ಟೋಬರ್ ಆರಂಭದಲ್ಲಿ ಕರಿಯಂಗಿಯವರು, ಅಂದರೆ ಫ್ಯಾಸಿಸ್ಟ್ ಪಡೆಗಳು, ಬೊಲ್ಜಾನೊದ ಜರ್ಮನ್ ಶಾಲೆಯನ್ನೂ ಪುರಭವನವನ್ನೂ ಹಿಡಿದು ಮೇಯರ್ ಪೆರಾಥೊನರ್ ಅವರನ್ನು ಇಳಿಸಿದರು. ಫಾಕ್ತಾ ಸರ್ಕಾರ ಸುಮ್ಮನಿತ್ತು. ಅದೇ ತಿಂಗಳ 28ಕ್ಕೆ ರೋಮ್ ಯಾತ್ರೆ, ಮುಸ್ಸೊಲಿನಿಯನ್ನು ಅಧಿಕಾರಕ್ಕೆ ತಂದ ಫ್ಯಾಸಿಸ್ಟರ ದಂಡಯಾತ್ರೆ. ವಿದ್ಯಾರ್ಥಿಗಳಿಗೆ ಈ ಎರಡು ತಾರೀಕುಗಳನ್ನು ಒಟ್ಟಿಗೆ ತೋರಿಸಿ. ರೋಮಿನಲ್ಲಿ ಮಾಡುವುದನ್ನು ಬೊಲ್ಜಾನೊದಲ್ಲಿ ಮೊದಲೇ ಮಾಡಿ ನೋಡಿದ್ದರು.

1923ರ ಮಾರ್ಚ್‌ನಲ್ಲಿ ಊರುಗಳಿಗೆ ಇಟಾಲಿಯನ್ ಹೆಸರು ಕೊಡುವ ರಾಜಾಜ್ಞೆ. ಜುಲೈ 15ಕ್ಕೆ ಎತ್ತೊರೆ ತೊಲೊಮೇಯಿ ಎಂಬ ಕಟ್ಟಾ ರಾಷ್ಟ್ರವಾದಿ ಬೊಲ್ಜಾನೊದ ರಂಗಮಂದಿರದಲ್ಲಿ ನಾಡನ್ನು ಇಟಾಲಿಯನ್ ಮಾಡುವ 32 ಅಂಶಗಳ ಕಾರ್ಯಕ್ರಮ ಓದಿದ. ಅಕ್ಟೋಬರಿನಲ್ಲಿ ಶಿಕ್ಷಣ ಮಂತ್ರಿ ಜೆಂತಿಲೆಯ ಶಿಕ್ಷಣ ಸುಧಾರಣೆ ಬಂತು. ಇದರ ವಿಧಾನವನ್ನು ಗಮನಿಸಬೇಕು. ಒಂದೇ ದಿನ ಶಾಲೆ ಮುಚ್ಚಲಿಲ್ಲ. ಆ ವರ್ಷ ಒಂದನೇ ತರಗತಿ ಇಟಾಲಿಯನ್ ಮಾಧ್ಯಮಕ್ಕೆ ಬದಲಾಯಿತು, ಮರುವರ್ಷ ಎರಡನೆಯದು, ಆಮೇಲೆ ಮೂರನೆಯದು. ಮೇಲಿನ ತರಗತಿಯ ಮಕ್ಕಳು ಹೊರಗೆ ಹೋದಂತೆ ಜರ್ಮನ್ ತಾನಾಗಿ ಮುಗಿಯಿತು. ಮಿಖಾಯೆಲ್ ಗಾಂಪರ್ ಎಂಬ ಪಾದ್ರಿಯ ಕರೆಯಂತೆ ಹಟ್ಟಿ, ಅಟ್ಟ, ಅಡುಗೆಮನೆಗಳಲ್ಲಿ ಗುಟ್ಟಿನ ಪಾಠಗಳು ನಡೆದವು. ಸಿಕ್ಕಿಬಿದ್ದ ಶಿಕ್ಷಕಿಯರಿಗೆ ದಂಡ, ಜೈಲು, ಗಡಿಪಾರು. 1935ರ ನಂತರ ಬೊಲ್ಜಾನೊದಲ್ಲಿ ಕೈಗಾರಿಕಾ ವಲಯ ಎಬ್ಬಿಸಿ ದಕ್ಷಿಣದಿಂದ ಇಟಾಲಿಯನ್ ಕಾರ್ಮಿಕರನ್ನು ತಂದು ನೆಲೆಗೊಳಿಸಿದರು. ಕೊನೆಗೆ 1939ರ ಜೂನ್ 23ರ ಬರ್ಲಿನ್ ಒಪ್ಪಂದ: ಡಿಸೆಂಬರ್ 31ರೊಳಗೆ ಜರ್ಮನಿಯನ್ನು ಆರಿಸಿಕೊಂಡು ನೆಲ ಬಿಡಿ, ಇಲ್ಲವೇ ಇಟಲಿಯಲ್ಲುಳಿದು ಭಾಷೆ ಬಿಡಿ. ಶೇ. 86ರ ಹತ್ತಿರ ಮಂದಿ ಹೋಗುತ್ತೇವೆಂದು ಬರೆದುಕೊಟ್ಟರು. ಯುದ್ಧ ನಡುವೆ ಬಂದುದರಿಂದ ನಿಜಕ್ಕೂ ಹೊರಟವರು ಸುಮಾರು 75,000.

ಕುಂಬಳೆ ಅಧ್ಯಾಪಕ:

ಬಹಳ ಉಪಕಾರವಾಯಿತು. ತರಗತಿಗೊಂದು ವರ್ಷದಂತೆ ಮಾಧ್ಯಮ ಬದಲಿಸಿದ ಭಾಗ ಮಕ್ಕಳ ಮನಸ್ಸಿಗೆ ನಾಟುತ್ತದೆ. 1946ರಿಂದ ಮುಂದಕ್ಕೆ ಯಾರಾದರೂ ಹೇಳಿ. ದೆ ಗಾಸ್ಪೆರಿಯವರೇ ಗಡಿನಾಡಿನವರು, ಅವರಿಗೆ ಗೊತ್ತಾಗದ್ದೇನಲ್ಲ.

ಚಂದ್ರಗಿರಿಯ ಬಡಗು:

ಗೊತ್ತಿತ್ತು. ಅದಕ್ಕೇ ಅವರನ್ನು ಅಳೆಯುವುದು ಕಷ್ಟ. ಆಲ್ಚಿದೆ ದೆ ಗಾಸ್ಪೆರಿ 1881ರಲ್ಲಿ ಹುಟ್ಟಿದ್ದು ತ್ರೆಂತೊ ಪ್ರಾಂತದಲ್ಲಿ, ಆಗ ಅದು ಆಸ್ಟ್ರಿಯಾ. ಓದಿದ್ದು ವಿಯೆನ್ನಾದಲ್ಲಿ. 1911ರಲ್ಲಿ ವಿಯೆನ್ನಾದ ಸಂಸತ್ತಿಗೆ ಆರಿಸಿ ಬಂದು ಅಲ್ಲಿ ಇಟಾಲಿಯನ್ ಅಲ್ಪಸಂಖ್ಯಾತರ ಪರ ದುಡಿದವರು. ಮುಸ್ಸೊಲಿನಿ ಕಾಲದಲ್ಲಿ ಜೈಲು ಕಂಡು, ಆಮೇಲೆ ವ್ಯಾಟಿಕನ್ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದರು. 1945ರ ಡಿಸೆಂಬರಿನಿಂದ 1953ರ ಆಗಸ್ಟ್ ವರೆಗೆ ಸಾಲಾಗಿ ಎಂಟು ಸರ್ಕಾರಗಳ ಪ್ರಧಾನಿ.

ಆಸ್ಟ್ರಿಯಾದ ವಿದೇಶಾಂಗ ಮಂತ್ರಿ ಕಾರ್ಲ್ ಗ್ರೂಬರ್ ಜತೆ ಪ್ಯಾರಿಸ್ಸಿನಲ್ಲಿ 1946ರ ಸೆಪ್ಟೆಂಬರ್ 5ಕ್ಕೆ ಆದ ಒಪ್ಪಂದ ಎರಡು ಪುಟ ಮೀರುವುದಿಲ್ಲ. ಮಾತೃಭಾಷೆಯಲ್ಲಿ ಪ್ರಾಥಮಿಕ, ಪ್ರೌಢ ಶಿಕ್ಷಣ. ಕಚೇರಿಯಲ್ಲಿ ಎರಡೂ ಭಾಷೆಗೆ ಸಮಾನ ಸ್ಥಾನ. ಊರಿನ ಹೆಸರು ಎರಡರಲ್ಲೂ. ಬದಲಿಸಿದ ಮನೆತನದ ಹೆಸರನ್ನು ಮರಳಿ ಪಡೆಯುವ ಹಕ್ಕು. ಸರ್ಕಾರಿ ನೌಕರಿಯಲ್ಲಿ ನ್ಯಾಯವಾದ ಪ್ರಮಾಣ. ಕಾನೂನು ಮಾಡುವ, ಆಡಳಿತ ನಡೆಸುವ ಸ್ವಾಯತ್ತ ಅಧಿಕಾರ. ಎಲ್ಲವೂ ಉಂಟು. ಆದರೆ ಆ ಸ್ವಾಯತ್ತತೆ ಎಷ್ಟು ನೆಲಕ್ಕೆ ಅನ್ವಯ ಎಂಬುದು ಮಾತ್ರ ಬಾಕಿ. ಸ್ಥಳೀಯ ಜರ್ಮನ್ ಪ್ರತಿನಿಧಿಗಳನ್ನೂ ಕೇಳಿ ಗೊತ್ತುಮಾಡುವುದು ಎಂದು ಬಿಟ್ಟರು.

1948ರ ಫೆಬ್ರವರಿ 26ರ ಸಾಂವಿಧಾನಿಕ ಕಾನೂನು ಬೊಲ್ಜಾನೊ ಮತ್ತು ತ್ರೆಂತೊ ಎರಡು ಪ್ರಾಂತಗಳನ್ನು ಒಂದೇ ಪ್ರದೇಶವಾಗಿ ಕಟ್ಟಿತು. ಬೊಲ್ಜಾನೊದಲ್ಲಿ ಬಹುಸಂಖ್ಯಾತರಾದ ಜರ್ಮನರು ಇಡೀ ಪ್ರದೇಶದಲ್ಲಿ ಏಳರಲ್ಲಿ ಎರಡು ಪಾಲಿಗೆ ಇಳಿದರು. ಕೃಷಿ, ಅರಣ್ಯ, ಪ್ರವಾಸೋದ್ಯಮದಂಥ ದೊಡ್ಡ ಅಧಿಕಾರಗಳು ಪ್ರದೇಶದ ಕೈಗೆ, ಪ್ರದೇಶದ ಸಭೆಯಲ್ಲಿ ಬಹುಮತ ತ್ರೆಂತೊದ ಇಟಾಲಿಯನ್ನರಿಗೆ. ಶಾಸನದ 14ನೇ ವಿಧಿ ಪ್ರದೇಶವು ತನ್ನ ಆಡಳಿತವನ್ನು ಸಾಮಾನ್ಯವಾಗಿ ಪ್ರಾಂತಗಳಿಗೆ ವಹಿಸಿ ನಡೆಸಬೇಕು ಎನ್ನುತ್ತಿತ್ತು. ವಹಿಸದಿದ್ದರೆ ಏನು ಎಂಬುದಕ್ಕೆ ಉತ್ತರ ಇರಲಿಲ್ಲ, ಪ್ರದೇಶ ವಹಿಸಲೂ ಇಲ್ಲ. ಬೊಲ್ಜಾನೊವನ್ನು ಒಂಟಿಯಾಗಿ ಬಿಟ್ಟರೆ ಕೈತಪ್ಪೀತು ಎಂಬ ಭಯ ಒಂದು ಕಡೆ, ತಮ್ಮ ಸ್ವಂತ ತ್ರೆಂತೊಗೂ ವಿಶೇಷ ಸ್ಥಾನ ಸಿಗಲಿ ಎಂಬ ಆಸೆ ಇನ್ನೊಂದು ಕಡೆ: ದೆ ಗಾಸ್ಪೆರಿ ಇವೆರಡಕ್ಕೂ ಒಗ್ಗಿದರು. ನನ್ನ ಮಟ್ಟಿಗೆ ಅವರ ದೊಡ್ಡ ತಪ್ಪು ಇದೇ. ಹಕ್ಕುಗಳ ಪಟ್ಟಿ ಎಷ್ಟೇ ಚೆನ್ನಾಗಿರಲಿ, ಅದನ್ನು ನಡೆಸುವ ಸಭೆಯಲ್ಲಿ ಅಲ್ಪಸಂಖ್ಯಾತರು ಯಾವಾಗಲೂ ಸೋಲುವಂತೆ ಎಲ್ಲೆ ಎಳೆದರೆ ಆ ಪಟ್ಟಿ ಉಪಯೋಗಕ್ಕೆ ಬಾರದು.

ಸಿಟ್ಟು ಹೊರಬಿದ್ದದ್ದು ಮನೆಗಳ ವಿಷಯಕ್ಕೆ. 1957ರ ಅಕ್ಟೋಬರಿನಲ್ಲಿ ಲೋಕೋಪಯೋಗಿ ಮಂತ್ರಿ ತೊನ್ಯಿ ಬೊಲ್ಜಾನೊದಲ್ಲಿ 5,000 ಮನೆ ಕಟ್ಟಿಸುವುದಾಗಿ ಸಾರಿದರು. ಇನ್ನಷ್ಟು ಇಟಾಲಿಯನ್ನರನ್ನು ತಂದು ತುಂಬುವ ಹೂಟ ಎಂದು ಜರ್ಮನರು ತಿಳಿದರು. ನವೆಂಬರ್ 17ಕ್ಕೆ ಸಿಗ್ಮುಂಡ್ಸ್‌ಕ್ರೋನ್ ಕೋಟೆಯಲ್ಲಿ ಸುಮಾರು 35,000 ಮಂದಿಯ ಮುಂದೆ ಜರ್ಮನ್ ಭಾಷಿಕರ ಪಕ್ಷದ ನಾಯಕ ಸಿಲ್ವಿಯುಸ್ ಮಗ್ನಾಗೊ ಇಟ್ಟ ಬೇಡಿಕೆ ತ್ರೆಂತೊದಿಂದ ಬಿಡುಗಡೆ. ಗಮನಿಸಿ, ರೋಮಿನಿಂದ ಬಿಡುಗಡೆ ಕೇಳಲಿಲ್ಲ. ರೋಗದ ಮೂಲ ಎಲ್ಲಿ ಎಂದು ಆ ಮನುಷ್ಯನಿಗೆ ಸರಿಯಾಗಿ ಗೊತ್ತಿತ್ತು. ಆಸ್ಟ್ರಿಯಾದ ವಿದೇಶಾಂಗ ಮಂತ್ರಿ ಕ್ರೈಸ್ಕಿ ವಿಶ್ವಸಂಸ್ಥೆಗೆ ಹೋದರು. 1960ರ ಅಕ್ಟೋಬರ್ 31ರಂದು ಸಾಮಾನ್ಯ ಸಭೆ 1497ನೇ ನಿರ್ಣಯದಲ್ಲಿ ಮಾತುಕತೆ ನಡೆಸುವಂತೆ ಇಬ್ಬರಿಗೂ ಹೇಳಿತು. 1961ರ ಜೂನ್ 11ರ ರಾತ್ರಿ 37 ವಿದ್ಯುತ್ ಕಂಬಗೋಪುರಗಳು ಸ್ಫೋಟಕ್ಕೆ ಉರುಳಿದವು.

ದೆ ಗಾಸ್ಪೆರಿಗೆ ಸಲ್ಲಬೇಕಾದ ಶ್ರೇಯ ಇಲ್ಲೇ ಕಾಣುತ್ತದೆ. ಅವರ ಒಪ್ಪಂದ 1947ರ ಫೆಬ್ರವರಿ 10ರ ಶಾಂತಿ ಕರಾರಿಗೆ ನಾಲ್ಕನೇ ಅನುಬಂಧವಾಗಿ ಸೇರಿತ್ತು. ಹಾಗೆ ಸೇರದಿದ್ದರೆ ಇದು ಇಟಲಿಯ ಮನೆಯ ಜಗಳ, ಆಸ್ಟ್ರಿಯಾಕ್ಕೆ ವಿಶ್ವಸಂಸ್ಥೆಯ ಬಾಗಿಲು ತಟ್ಟಲು ಹಿಡಿ ಸಿಗುತ್ತಿರಲಿಲ್ಲ.

ಈಗ ಮೋರೊ. ಗೃಹಮಂತ್ರಿ ಸ್ಕೆಲ್ಬಾ 1961ರ ಸೆಪ್ಟೆಂಬರಿನಲ್ಲಿ ನೇಮಿಸಿದ 19 ಮಂದಿಯ ಆಯೋಗದಲ್ಲಿ 11 ಇಟಾಲಿಯನ್, 7 ಜರ್ಮನ್, ಒಬ್ಬರು ಲಾಡಿನ್ (ಅಲ್ಲಿನ ಆಲ್ಪ್ಸ್ ಕಣಿವೆಗಳ ಮೂರನೇ ಸಣ್ಣ ಭಾಷಾ ಗುಂಪು). ಅದು 1964ರಲ್ಲಿ ವರದಿ ಮುಗಿಸಿತು. ಆಲ್ದೊ ಮೋರೊ 1963ರಿಂದ 1968ರ ತನಕ ಪ್ರಧಾನಿ, 1969ರಿಂದ ವಿದೇಶಾಂಗ ಮಂತ್ರಿ. ಎರಡೂ ಕಡೆ ಕುಳಿತು ಅದನ್ನು ದಡ ಸೇರಿಸಿದವರು ಅವರೇ. ಸೂತ್ರ ಹೀಗಿತ್ತು: 137 ಕ್ರಮಗಳ ಕಟ್ಟು ಇಟಲಿಯ ಆಂತರಿಕ ನಿರ್ಧಾರ, ಆಸ್ಟ್ರಿಯಾದ ಜತೆ ಹೊಸ ಒಪ್ಪಂದವಿಲ್ಲ, ಹಾಗಾಗಿ ರೋಮಿಗೆ ಮುಖಭಂಗವಿಲ್ಲ. ಅದರ ಪಕ್ಕದಲ್ಲಿ 18 ಹಂತಗಳ ವೇಳಾಪಟ್ಟಿ. ಇಟಲಿ ಒಂದು ಹಂತ ಮುಗಿಸಿದರೆ ಆಸ್ಟ್ರಿಯಾ ಮುಂದಿನ ಹೆಜ್ಜೆ ಇಡಬೇಕು. ಎಲ್ಲವೂ ಜಾರಿಯಾದ ಮೇಲೆ ಮಾತ್ರ ವಿವಾದ ಮುಗಿಯಿತೆಂದು ಆಸ್ಟ್ರಿಯಾ ಬರೆದುಕೊಡುವುದು. ಇಬ್ಬರಿಗೂ ನಂಬಿಕೆ ಇಲ್ಲದಿದ್ದಾಗ ನಂಬಿಕೆಯ ಜಾಗದಲ್ಲಿ ವೇಳಾಪಟ್ಟಿಯನ್ನು ಕೂರಿಸಿದರು. 1969ರ ನವೆಂಬರಿನ ಮೆರಾನೊ ಸಮಾವೇಶದಲ್ಲಿ ಮಗ್ನಾಗೊ ತಮ್ಮ ಪಕ್ಷದವರನ್ನು ಶೇ. 53ರಷ್ಟು ಮತದಿಂದ ಹೇಗೋ ಒಪ್ಪಿಸಿದರು. ಅದೇ ತಿಂಗಳ 30ಕ್ಕೆ ಕೋಪನ್‌ಹೇಗನ್ನಿನಲ್ಲಿ ಮೋರೊ ಮತ್ತು ಆಸ್ಟ್ರಿಯಾದ ವಿದೇಶಾಂಗ ಮಂತ್ರಿ ವಾಲ್ಡ್‌ಹೈಮ್ ಕೈಕುಲುಕಿದರು. ಎರಡನೇ ಸ್ವಾಯತ್ತತಾ ಶಾಸನ 1972ರ ಜನವರಿಯಿಂದ ಜಾರಿ. ಹಳೆಯ ಪ್ರದೇಶ ಹೆಸರಿಗೆ ಉಳಿಯಿತು, ಅಧಿಕಾರ ಎರಡೂ ಪ್ರಾಂತಗಳಿಗೆ ಇಳಿಯಿತು.

ಶಾಲೆ: 19ನೇ ವಿಧಿಯಂತೆ ಬಾಲವಾಡಿಯಿಂದ ಪ್ರೌಢಶಾಲೆ ತನಕ ಮಗುವಿನ ಮಾತೃಭಾಷೆಯಲ್ಲಿ ಪಾಠ, ಕಲಿಸುವವರ ಮಾತೃಭಾಷೆಯೂ ಅದೇ ಆಗಿರಬೇಕು. ಪದವಿ ಇದ್ದರೆ ಸಾಲದು. ಜತೆಗೆ ಇನ್ನೊಂದು ಭಾಷೆ ಎರಡನೇ ಇಲ್ಲವೇ ಮೂರನೇ ತರಗತಿಯಿಂದ ಕಡ್ಡಾಯ. ಜರ್ಮನ್, ಇಟಾಲಿಯನ್, ಲಾಡಿನ್ ಶಾಲೆಗಳಿಗೆ ಬೇರೆ ಬೇರೆ ಆಡಳಿತ.

ನೌಕರಿ: 1976ರ 752ನೇ ಆಜ್ಞೆಯಂತೆ ಪ್ರಾಂತದೊಳಗಿನ ರೈಲ್ವೆ, ಅಂಚೆ, ನ್ಯಾಯಾಲಯದಂಥ ಕೇಂದ್ರದ ಹುದ್ದೆಗಳೂ ಜನಸಂಖ್ಯೆಯ ಪ್ರಮಾಣದಲ್ಲಿ ಹಂಚಿಕೆ. ಸೇನೆ, ಪೊಲೀಸು ಇದರಿಂದ ಹೊರಗೆ. ಯಾವ ಗುಂಪಿನವರಾದರೂ ಎರಡೂ ಭಾಷೆಯ ಪರೀಕ್ಷೆ ಪಾಸಾಗಬೇಕು. ಹುದ್ದೆಗೆ ಬೇಕಾದ ವಿದ್ಯಾರ್ಹತೆಗೆ ತಕ್ಕಂತೆ ನಾಲ್ಕು ಮಟ್ಟಗಳಿವೆ. ಇದ್ದವರನ್ನು ತೆಗೆಯಲಿಲ್ಲ, ಖಾಲಿಯಾದ ಜಾಗ ತುಂಬುತ್ತ 30 ವರ್ಷದಲ್ಲಿ ಪ್ರಮಾಣ ಸರಿಪಡಿಸುವ ಗುರಿ.

ಹಣ: ಆದಾಯ ತೆರಿಗೆ ಸೇರಿ ಅಲ್ಲಿ ಸಂಗ್ರಹವಾಗುವ ಹೆಚ್ಚಿನ ತೆರಿಗೆಗಳ ಹತ್ತರಲ್ಲಿ ಒಂಬತ್ತು ಪಾಲು ಪ್ರಾಂತಕ್ಕೇ. ಶಿಕ್ಷಕರ ಸಂಬಳ, ಆಸ್ಪತ್ರೆ, ರಸ್ತೆ ಎಲ್ಲ ಅದರಲ್ಲೇ.

ರಕ್ಷಣೆ: ಯಾವುದಾದರೂ ಮಸೂದೆ ತಮ್ಮ ಗುಂಪಿಗೆ ಮಾರಕ ಎನಿಸಿದರೆ 56ನೇ ವಿಧಿಯಂತೆ ಆ ಗುಂಪಿನ ಸದಸ್ಯರು ಭಾಷಾವಾರು ಪ್ರತ್ಯೇಕ ಮತದಾನ ಕೇಳಬಹುದು. ಅಲ್ಲೂ ನ್ಯಾಯ ಸಿಗದಿದ್ದರೆ ಸಂವಿಧಾನ ನ್ಯಾಯಾಲಯಕ್ಕೆ ಹೋಗಬಹುದು.

ಕೆಟ್ಟದ್ದು ಎಲ್ಲಿ ಎಂದರೆ ಸಮಯದಲ್ಲಿ. ಜಾರಿ ನಿಯಮಗಳನ್ನು ಎರಡು ವರ್ಷದಲ್ಲಿ ಮುಗಿಸಬೇಕೆಂದು ಶಾಸನದಲ್ಲೇ ಇತ್ತು, ಹಿಡಿದದ್ದು ಇಪ್ಪತ್ತು. ನಿಯಮಗಳನ್ನು ರೋಮ್ ಮತ್ತು ಪ್ರಾಂತದ ಪ್ರತಿನಿಧಿಗಳು ಸಮನಾಗಿರುವ ಸಮಿತಿಯ ಮೂಲಕ ತರಬೇಕು. ಇದರಿಂದ ನಿಧಾನವಾದರೂ ಒಮ್ಮೆ ಬಂದದ್ದನ್ನು ಸಾಮಾನ್ಯ ಕಾನೂನಿನಿಂದ ಅಳಿಸಲು ಆಗದು. 1992ರ ಜನವರಿಯಲ್ಲಿ ಪ್ರಧಾನಿ ಆಂದ್ರೆಯೊತ್ತಿ ಎಲ್ಲ ಮುಗಿಯಿತೆಂದು ಸಂಸತ್ತಿಗೆ ತಿಳಿಸಿದರು, ಜೂನ್‌ನಲ್ಲಿ ಆಸ್ಟ್ರಿಯಾ ಒಪ್ಪಿ ಬರೆದುಕೊಟ್ಟಿತು. 1978ರಲ್ಲೇ ಕೊಲೆಯಾಗಿದ್ದ ಮೋರೊ ಅದನ್ನು ಕಾಣಲಿಲ್ಲ.

ಜತ್ತ ಸೀಮೆ:

ಚಲೋ ಬರದೀರಿ. ಆದ್ರ ಒಂದು ತಕರಾರು ಐತಿ. ದಕ್ಷಿಣ ಟಿರೋಲ್ ಹಿಡಕೊಂಡು ನಮ್ಮ ಗಡಿನಾಡ ಅಳೀಬ್ಯಾಡ್ರಿ. ಬೊಲ್ಜಾನೊ ಪ್ರಾಂತದಾಗ ಜರ್ಮನ್‌ದವರೇ ಬಹುಸಂಖ್ಯಾತರು, 2011ರ ಗಣತಿ ಪ್ರಕಾರ ಶೇ. 69.4. ಅವರ ಬೆನ್ನಿಗೆ ಆಸ್ಟ್ರಿಯಾ ಅನ್ನೋ ಇಡೀ ದೇಶ, ಕೈಯಾಗ ಅಂತರರಾಷ್ಟ್ರೀಯ ಒಪ್ಪಂದ. ಜತ್ತ, ಅಕ್ಕಲಕೋಟಿ, ತಾಳವಾಡಿ, ಕಾಸರಗೋಡು ಯಾವುದಕ್ಕೂ ಇವೆರಡೂ ಇಲ್ಲ. ಕರ್ನಾಟಕ ಆಸ್ಟ್ರಿಯಾ ಅಲ್ಲ, ಅದೂ ಇದೇ ಒಕ್ಕೂಟದಾಗಿನ ಒಂದು ರಾಜ್ಯ.

ನಮಗ ಹತ್ತಿರದ ಉದಾಹರಣೆ ಬೇಕಂದ್ರ ಇಟಲಿಯ ಸ್ಲೊವೀನ್ ಭಾಷಿಕರನ್ನ ನೋಡ್ರಿ. ಈಶಾನ್ಯ ಗಡಿಯ ತ್ರಿಯೆಸ್ತೆ ಪಟ್ಟಣದೊಳಗಿನ ಅವರ ನರೋದ್ನಿ ದೋಮ್ ಅನ್ನೋ ಭವನಕ್ಕ ಫ್ಯಾಸಿಸ್ಟರು 1920ರ ಜುಲೈ 13ಕ್ಕ ಬೆಂಕಿ ಹಚ್ಚಿದ್ರು. ಜೆಂತಿಲೆ ಸುಧಾರಣೆ ಅವರ ಸಾಲಿಗಳನ್ನೂ ನುಂಗಿತು. ಯುದ್ಧ ಮುಗದ ಮ್ಯಾಲೆ 1954ರ ಲಂಡನ್ ತಿಳಿವಳಿಕೆ ಪತ್ರಕ್ಕ ಒಂದು ವಿಶೇಷ ಶಾಸನ ಜೋಡಿಸಿದ್ರು, ಅದು ತ್ರಿಯೆಸ್ತೆಗಷ್ಟೇ. 1975ರ ನವೆಂಬರ್ 10ರ ಓಸಿಮೊ ಒಪ್ಪಂದ ಯುಗೊಸ್ಲಾವಿಯಾ ಜೋಡಿ ಗಡಿ ಪಕ್ಕಾ ಮಾಡಿತು. ಆ ಹೊತ್ತಿಗೆ ಇಟಲಿಯ ಪ್ರಧಾನಿ ಯಾರು? ಅದೇ ಆಲ್ದೊ ಮೋರೊ. ಬೊಲ್ಜಾನೊಕ್ಕ 137 ಕ್ರಮ ಕೊಟ್ಟ ಮನಷ್ಯಾ ಸ್ಲೊವೀನರಿಗೆ ಕೊಟ್ಟಿದ್ದು ಇದ್ದದ್ದನ್ನ ಉಳಿಸ್ತೀವಿ ಅನ್ನೋ ಭರವಸೆ. ನೌಕರಿ ಪಾಲಿಲ್ಲ, ತೆರಿಗೆ ಪಾಲಿಲ್ಲ, ವೇಳಾಪಟ್ಟಿ ಇಲ್ಲ. ಅವರಿಗೆ ಪೂರಾ ಕಾನೂನು ಬಂದದ್ದು 2001ರಾಗ, 38ನೇ ಕಾನೂನು. ಊದಿನೆ ಪ್ರಾಂತದ ಸ್ಲೊವೀನ್ ಮಂದಿಗೆ ಅಲ್ಲೀತನಕ ಸರಕಾರಿ ಸಾಲಿನೂ ಇರಲಿಲ್ಲ. ನಾಯಕನ ಮನಸು ಒಂದೇ ಇತ್ತು, ಪರಿಣಾಮ ಎರಡು ಥರ. ಹಂಗಾಗಿ ಶ್ರೇಯ ಹಂಚುವಾಗ ಮೋರೊ ಎಷ್ಟು ಅನ್ನೋದ್ರ ಜೋಡಿ ಮಗ್ನಾಗೊ ಹಿಂದ ನಿಂತ ಮಂದಿ ಎಷ್ಟು, ವಿಯೆನ್ನಾದ ಒತ್ತಡ ಎಷ್ಟು ಅನ್ನೋದನ್ನೂ ಹೇಳ್ರಿ.

ಇನ್ನೊಂದು ದಾಖಲೆ, 1999ರ 482ನೇ ಕಾನೂನು. ಇಟಲಿ ಸಂವಿಧಾನದ 6ನೇ ವಿಧಿ ಭಾಷಾ ಅಲ್ಪಸಂಖ್ಯಾತರನ್ನ ಕಾಪಾಡ್ತೀವಿ ಅಂತ 1948ರಾಗನ ಹೇಳಿತ್ತು. ದೇಶಕ್ಕೆಲ್ಲ ಅನ್ವಯ ಆಗೋ ಕಾನೂನು ಬರಾಕ 51 ವರ್ಷ ಬೇಕಾತು. ಅದರಾಗ 12 ಭಾಷಾ ಗುಂಪು ಅದಾವ, ಸಾರ್ಡಿನಿಯನ್, ಫ್ರಿಯುಲಿಯನ್, ಅಲ್ಬೇನಿಯನ್, ಗ್ರೀಕ್ ಎಲ್ಲಾ ಸೇರಿ. ಒಂದು ಊರಿಗೆ ರಕ್ಷಣೆ ಬೇಕಂದ್ರ ಅಲ್ಲಿನ ಮತದಾರರಾಗ ಶೇ. 15 ಮಂದಿ ಅಥವಾ ಪುರಸಭಾ ಸದಸ್ಯರಾಗ ಮೂರರಾಗ ಒಂದು ಪಾಲು ಕೇಳಬೇಕು. ಅಂದ್ರ ಊರು ತಾನೇ ಎದ್ದು ಕೇಳಬೇಕು, ಮ್ಯಾಲಿಂದ ಬರೂದಿಲ್ಲ.

ಪೈವಳಿಕೆ ಓದು:

ಜತ್ತದವರ ಮಾತನ್ನು ಒಪ್ಪುತ್ತೇನೆ, ಹೋಲಿಕೆ ಮಾಡುವಾಗ ಅದನ್ನೇ ಮೊದಲು ಹೇಳಬೇಕು. ಆದರೂ ಬೊಲ್ಜಾನೊದಿಂದ ನಮಗೆ ಎರಡು ವಿಷಯ ಸಿಗುತ್ತದೆ.

ಒಂದು, ಸಂಖ್ಯೆಯ ಗೆರೆ. ನಮ್ಮಲ್ಲೂ ಗೆರೆಗಳುಂಟು: ಒಂದು ತರಗತಿಯಲ್ಲಿ 10 ಅಥವಾ ಶಾಲೆಯಲ್ಲಿ 40 ಮಕ್ಕಳಿದ್ದರೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಪಾಠ ಎಂಬುದು 1949ರ ಶಿಕ್ಷಣ ಮಂತ್ರಿಗಳ ಸಮ್ಮೇಳನದ ನಿರ್ಣಯ, ಶೇ. 15 ಮಂದಿ ಇರುವ ಕಡೆ ಮುಖ್ಯ ಸೂಚನೆಗಳು ಅವರ ಭಾಷೆಯಲ್ಲೂ. 1956ರ ಏಳನೇ ತಿದ್ದುಪಡಿ 350ಎ, 350ಬಿ ವಿಧಿಗಳನ್ನು ಸೇರಿಸಿ ಭಾಷಾ ಅಲ್ಪಸಂಖ್ಯಾತರ ಆಯುಕ್ತರನ್ನು ಕೊಟ್ಟಿತು. ಕೊರತೆ ಇರುವುದು ಇಲ್ಲಿ: ಆಯುಕ್ತರು ವರದಿ ಬರೆದು ರಾಷ್ಟ್ರಪತಿಗೆ ಕೊಡಬಹುದು, ಆದೇಶ ಹೊರಡಿಸಲಾರರು. ಬೊಲ್ಜಾನೊದ 19ನೇ ವಿಧಿಯಲ್ಲಿ ಶಿಕ್ಷಕರ ಮಾತೃಭಾಷೆ ನೇಮಕಾತಿಯ ಷರತ್ತು. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದವರ ನೇಮಕವಾಗಿ ಪೋಷಕರು ಧರಣಿ ಕೂರುವ ವಿವಾದ ನಮ್ಮ ಜಿಲ್ಲೆಯಲ್ಲಿ ಮತ್ತೆ ಮತ್ತೆ ಬರುವುದು ಅಂಥ ಷರತ್ತು ಗಟ್ಟಿಯಾಗಿಲ್ಲದ್ದರಿಂದ. ವಿದ್ಯಾರ್ಥಿಗಳಿಗೆ ನಮ್ಮ 350ಎ ಮತ್ತು ಅಲ್ಲಿನ 19, ಎರಡೂ ವಿಧಿಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿ.

ಎರಡನೆಯದು ನಮಗೆ ಇನ್ನೂ ಹತ್ತಿರ. ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಮನೆಮಾತು ತುಳು, ಕೊಂಕಣಿ, ಮರಾಟಿ, ಬ್ಯಾರಿ ಇದ್ದು ಶಾಲೆಯ ಭಾಷೆ ಕನ್ನಡ ಆಗಿರುವ ಮನೆಗಳು ಎಷ್ಟೋ. ಜನಗಣತಿಯಲ್ಲಿ ಅವರು ಮನೆಮಾತನ್ನೇ ಬರೆಸುತ್ತಾರೆ, ಬರೆಸಬೇಕಾದದ್ದೂ ಅದನ್ನೇ. ಆಗ ಕನ್ನಡದ ಅಂಕಿ ಇಳಿಯುತ್ತದೆ, ಕನ್ನಡ ಶಾಲೆಯ ಬೇಡಿಕೆ ಮಾತ್ರ ಇಳಿಯುವುದಿಲ್ಲ. ಬೊಲ್ಜಾನೊದಲ್ಲಿ ಬೇರೆ ಮಾತಿನವರು ತಮ್ಮನ್ನು ಬೇರೆ ಎಂದೇ ಘೋಷಿಸಿಕೊಂಡು, ಹಕ್ಕುಗಳ ಲೆಕ್ಕಕ್ಕೆ ಮೂರು ಗುಂಪುಗಳಲ್ಲಿ ಒಂದಕ್ಕೆ ಜೋಡಿಸಿಕೊಳ್ಳಬಹುದು. ಮನೆಮಾತು ಯಾವುದು, ಯಾವ ಭಾಷಾ ಸಮುದಾಯದ ಜತೆ ಸೇರಿಸಿ ಎಣಿಸಬೇಕು ಎಂಬ ಎರಡು ಪ್ರಶ್ನೆಗಳು ಅಲ್ಲಿ ಬೇರೆ ಬೇರೆ.

ಆದರೆ ಅದರ ಕೆಟ್ಟ ಬದಿಯನ್ನೂ ಮುಚ್ಚಿಡಬೇಡಿ. 1981ರ ಗಣತಿಯಲ್ಲಿ ಹೆಸರು ಸಹಿತ ಘೋಷಣೆ ಕಡ್ಡಾಯವಾದಾಗ, ಇದು ಮನುಷ್ಯರನ್ನು ಭಾಷೆಯ ಪಂಜರಕ್ಕೆ ಹಾಕುತ್ತದೆಂದು ಅಲ್ಲಿನ ಹಸಿರು ಪಕ್ಷದ ರಾಜಕಾರಣಿ ಅಲೆಕ್ಸಾಂಡರ್ ಲಾಂಗರ್ ನಿರಾಕರಿಸಿದರು. ಘೋಷಣೆ ಇಲ್ಲದ ಕಾರಣಕ್ಕೆ 1995ರಲ್ಲಿ ಬೊಲ್ಜಾನೊ ಮೇಯರ್ ಚುನಾವಣೆಗೆ ನಿಲ್ಲಲು ಅವರಿಗೆ ಅವಕಾಶ ಸಿಗಲಿಲ್ಲ. ಎರಡು ಭಾಷೆಯ ಮನೆಯಲ್ಲಿ ಬೆಳೆದ ಮಗು ಒಂದನ್ನೇ ಆರಿಸಬೇಕಾಗುತ್ತದೆ. ಆಮೇಲೆ ನಿಯಮ ಸಡಿಲವಾಗಿ ಈಗ ವೈಯಕ್ತಿಕ ಘೋಷಣೆ ಮುಚ್ಚಿದ ಲಕೋಟೆಯಲ್ಲಿ ನ್ಯಾಯಾಲಯದಲ್ಲಿರುತ್ತದೆ, ನೌಕರಿ ಅಥವಾ ಚುನಾವಣೆಗೆ ಬೇಕಾದಾಗ ಮಾತ್ರ ಪ್ರಮಾಣಪತ್ರ ತೆಗೆಯುವುದು.

ಮಹಾಜನ್ ವರದಿಯ ಪ್ರಸ್ತಾಪ ಬಂದೇ ಬರುತ್ತದೆ. 1967ರಲ್ಲಿ ಅದು ಚಂದ್ರಗಿರಿಯ ಉತ್ತರ ಭಾಗವನ್ನು ಅಂದಿನ ಮೈಸೂರಿಗೆ ಸೇರಿಸಲು ಹೇಳಿತು, ಜಾರಿಯಾಗಲಿಲ್ಲ. ಚರ್ಚೆ ಅಲ್ಲಿಗೆ ತಿರುಗಿದರೆ ಉಳಿದ ಸಮಯವೆಲ್ಲ ಅದರಲ್ಲೇ ಹೋದೀತು. ಗಡಿ ಸರಿಯದೆಯೂ ಆಡಳಿತದ ಎಲ್ಲೆಯನ್ನು ಬದಲಿಸಬಹುದು ಎಂಬುದು ಬೊಲ್ಜಾನೊದ ಪಾಠ. ಮಗ್ನಾಗೊ ಕೇಳಿದ್ದೂ ಅದನ್ನೇ.

ಕುಂಬಳೆ ಅಧ್ಯಾಪಕ:

ತೊಲೊಮೇಯಿ ಬದಲಿಸಿದ ಊರ ಹೆಸರುಗಳ ಗತಿ ಏನಾಯಿತು? ಇದು ನಮ್ಮವರು ಖಂಡಿತ ಕೇಳುವ ಪ್ರಶ್ನೆ. ಮತ್ತೆ ನಕ್ಷೆ ಯಾವುದು ತೋರಿಸಲಿ?

ಚಂದ್ರಗಿರಿಯ ಬಡಗು:

ಹೆಸರಿನ ವಿಷಯ ಇನ್ನೂ ಮುಗಿದಿಲ್ಲ. ಫ್ಯಾಸಿಸ್ಟ್ ಕಾಲದ ಆಜ್ಞೆಗಳು ರದ್ದಾಗಲಿಲ್ಲ, ಹಾಗಾಗಿ ಕಾನೂನಿನ ಕಣ್ಣಿನಲ್ಲಿ ಇಟಾಲಿಯನ್ ಹೆಸರುಗಳೇ ಅಧಿಕೃತ. ಜರ್ಮನ್ ಹೆಸರುಗಳು ಫಲಕದಲ್ಲೂ ಕಡತದಲ್ಲೂ ದಿನವೂ ಬಳಕೆಯಲ್ಲಿವೆ. ಪ್ರಾಂತ 2012ರಲ್ಲಿ ಸ್ಥಳನಾಮಗಳಿಗೆ ಕಾನೂನು ಮಾಡಿತು, ರೋಮ್ ಸರ್ಕಾರ ಅದನ್ನು ಸಂವಿಧಾನ ನ್ಯಾಯಾಲಯದಲ್ಲಿ ಪ್ರಶ್ನಿಸಿತು, 2019ರಲ್ಲಿ ಪ್ರಾಂತವೇ ಹಿಂತೆಗೆದುಕೊಂಡಿತು. ಶಾಲೆ, ನೌಕರಿ, ತೆರಿಗೆ ಎಲ್ಲ ಬಗೆಹರಿದ ಜಾಗದಲ್ಲೂ ಕಾಡುದಾರಿಯ ಫಲಕಕ್ಕೆ ಜಗಳ ಉಳಿದಿದೆ. ಜನ ತಲೆತಲಾಂತರದಿಂದ ಕರೆದ ಹೆಸರನ್ನು ಮೇಜಿನ ಮೇಲೆ ಕುಳಿತು ಬದಲಿಸಿದ ಗಾಯ ಅಷ್ಟು ಬೇಗ ಮಾಯುವುದಿಲ್ಲ, ಅದನ್ನು ಮುಚ್ಚಿಡದೆ ಹೇಳಿ.

ಇದಕ್ಕೆ ಜತೆಯಾಗಿ ಒಂದು ಚಿತ್ರ ತೋರಿಸಬಹುದು. ಬೊಲ್ಜಾನೊದ ಹಣಕಾಸು ಕಚೇರಿಯ ಗೋಡೆಯಲ್ಲಿ ಕುದುರೆಯೇರಿದ ಮುಸ್ಸೊಲಿನಿಯ ದೊಡ್ಡ ಉಬ್ಬುಶಿಲ್ಪವಿದೆ. ಒಡೆಯಬೇಕೆಂದವರೂ ಇದ್ದರು, ಮುಟ್ಟಬಾರದೆಂದವರೂ ಇದ್ದರು. 2017ರಲ್ಲಿ ಅದರ ಮೇಲೆ ಬೆಳಕಿನ ಅಕ್ಷರಗಳಲ್ಲಿ ವಿಧೇಯತೆಯ ಬಗೆಗಿನ ಹನ್ನಾ ಅರೆಂಟ್ ಅವರ ಮಾತನ್ನು ಮೂರೂ ಭಾಷೆಯಲ್ಲಿ ಹಾಕಿದರು. ಶಿಲ್ಪ ಹಾಗೇ ಉಳಿಯಿತು, ಅದಕ್ಕೆ ಉತ್ತರವೂ ಅಲ್ಲೇ ನಿಂತಿತು.

ನಕ್ಷೆ ಮೂರು ಸಾಕು. 1914ರ ಆಸ್ಟ್ರಿಯಾ ಹಂಗೇರಿ ಕಾಲದ ಟಿರೋಲ್, ಅದರಲ್ಲಿ ಬ್ರೆನ್ನರ್ ಘಾಟಿ ನಾಡಿನ ನಡುವೆ ಕಾಣಬೇಕು. 1948ರ ಕೂಡುಪ್ರದೇಶ, ಎರಡೂ ಪ್ರಾಂತ ಒಂದೇ ಬಣ್ಣದಲ್ಲಿ. 1972ರದ್ದು, ಎರಡು ಬಣ್ಣದಲ್ಲಿ. ಎರಡನೆಯದನ್ನೂ ಮೂರನೆಯದನ್ನೂ ಪಕ್ಕಪಕ್ಕ ಇಟ್ಟರೆ ದೆ ಗಾಸ್ಪೆರಿ ಮತ್ತು ಮೋರೊ ನಡುವಿನ ಅಂತರ ಮಕ್ಕಳಿಗೆ ಕಣ್ಣಿಗೇ ಕಾಣುತ್ತದೆ. ಸಮಯ ಹಂಚುವಾಗ 1923ಕ್ಕೆ ಹತ್ತು ನಿಮಿಷ, 1946ರಿಂದ 1972ಕ್ಕೆ ಇಪ್ಪತ್ತು ಇಡಿ. ಏಕೀಕರಣದ ಭಾಗ ಐದಕ್ಕಿಂತ ಹೆಚ್ಚು ಬೆಳೆಯಲು ಬಿಡಬೇಡಿ. ಸ್ಲೊವೀನರಿಗೆ ಉಳಿದ ಐದು ನಿಮಿಷವನ್ನು ಬಿಟ್ಟುಕೊಡಲೇಬೇಡಿ.